ಒತ್ತೆಗೆ ಕಟ್ಟಿದ ಕುರಿಮರಿ

ತೊಂಬತ್ತರ ದಶಕದಲ್ಲಿ ಸೇಲಂನ ನಾಲ್ಕಾರು ಕನ್ನಡ ಮನೆಯವರು ಸೇರಿ ಒಂದು ಸಣ್ಣ ಸಂಘ ನಡೆಸುತ್ತಿದ್ದರು. ಪೆನ್ನಾಗರಂ ಕಡೆಯ ಕನ್ನಡ ಮಾತಾಡುವ ಹಳ್ಳಿಗಳಲ್ಲಿ ಕಣ್ಣಿಗೆ ಪೊರೆ ಬಂದವರನ್ನು ವ್ಯಾನಿನಲ್ಲಿ ಸೇಲಂಗೆ ಕರೆತಂದು, ಆಪರೇಷನ್ ಮಾಡಿಸಿ, ಮತ್ತೆ ಊರು ಮುಟ್ಟಿಸುವುದು ಅದರ ಕೆಲಸ. ನಾನಾಗ ಒಂದು ಆಫೀಸಿನಲ್ಲಿ ಟೈಪಿಸ್ಟು. ಭಾನುವಾರ ಮನೆಯಲ್ಲಿದ್ದರೆ ನನ್ನ ಮದುವೆಯ ಮಾತು ಶುರುವಾಗುತ್ತಿತ್ತು, ಅದಕ್ಕೇ ವ್ಯಾನು ಹತ್ತುತ್ತಿದ್ದೆ. ಸೇವೆ ಗೀವೆ ಎಂಬ ದೊಡ್ಡ ಮಾತೆಲ್ಲ ಆಮೇಲೆ ಕಲಿತದ್ದು.

ನಿಜವಾದ ಕೆಲಸ ಮಾಡುತ್ತಿದ್ದವರು ಹಳ್ಳಿಯ ಹೆಂಗಸರು. ಸಂಬಳವಿಲ್ಲ, ಸಾರಿಗೆ ಖರ್ಚೂ ಇಲ್ಲ. ಅವರಲ್ಲಿ ಒಬ್ಬಳು ಕುರಿ ಸಾಕಿಕೊಂಡಿದ್ದವಳು. ಊರಿಗೆಲ್ಲ ಅಕ್ಕ, ನನಗೂ ಅಕ್ಕ. ಪೇಟೆ ಆಸ್ಪತ್ರೆಗೆ ಹೋದವರು ಹೆಣವಾಗಿಯೇ ಬರುವುದು ಎಂದು ಅವಳ ಊರಿನವರಿಗೆ ಭಯ. ಯಾವ ಮನೆಯವರೂ ಮುದುಕರನ್ನು ಕಳಿಸಲು ಒಪ್ಪುತ್ತಿರಲಿಲ್ಲ. ಅಕ್ಕ ಅದಕ್ಕೊಂದು ದಾರಿ ಕಂಡುಕೊಂಡಿದ್ದಳು. ತನ್ನ ಮಂದೆಯಿಂದ ಒಂದು ಮರಿ ತಂದು ಆ ಮನೆಯ ಮುಂದಿನ ಗೂಟಕ್ಕೆ ಕಟ್ಟುವಳು.

"ನಿಮ್ಮಪ್ಪನ್ನ ನಾನೇ ಕರ್ಕೊಂಡ್ ಓಯ್ತೀನಿ, ನಾನೇ ಕರ್ಕೊಂಡ್ ಬತ್ತೀನಿ. ಅಲ್ಲೀಗಂಟ ಈ ಮರಿ ಇಲ್ಲೇ ಇರ್ಲಿ. ನಾನು ವಾಪಸ್ ಬರ್ದಿದ್ರೆ ಕುಯ್ಕೊಂಡ್ ತಿನ್ನಿ!"

ಎಲ್ಲರೂ ನಗುತ್ತಿದ್ದರು. ನಗುತ್ತಲೇ ಮುದುಕರನ್ನು ವ್ಯಾನು ಹತ್ತಿಸುತ್ತಿದ್ದರು. ಅಕ್ಕ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕದಲ್ಲೇ ಮಲಗಿ, ಗಂಜಿ ಕುಡಿಸಿ, ಮಾತಿನಂತೆ ಕರೆತಂದು ಬಿಟ್ಟು ಮರಿ ಬಿಚ್ಚಿಕೊಂಡು ಹೋಗುತ್ತಿದ್ದಳು.

ಆ ಊರಲ್ಲಿ ಒಬ್ಬ ಕುರಿ ಕಾಯುವ ಮುದುಕನಿದ್ದ. ಒಂದು ಕಣ್ಣು ಚಿಕ್ಕಂದಿನಲ್ಲೇ ಜಾಲಿ ಮುಳ್ಳಿಗೆ ಹೋಗಿತ್ತು. ಉಳಿದಿದ್ದ ಒಂದೇ ಕಣ್ಣಿಗೆ ಈಗ ಪೊರೆ. ಕುರಿಯನ್ನು ಕೂಗಿನಿಂದಲೇ ಗುರುತು ಹಿಡಿಯುತ್ತಿದ್ದ. ಅವನ ಸೊಸೆ ಬಿಲ್‌ಕುಲ್ ಒಪ್ಪಿರಲಿಲ್ಲ. ಅಕ್ಕ ಹೋಗಿ ಹೋಗಿ ಕೂತು, ಅವಳ ಕೈಯ ಮುದ್ದೆ ತಿಂದು, ಕೊನೆಗೂ ಮರಿ ಕಟ್ಟಿ ಬಂದಳು. ಮುಂದಿನ ವ್ಯಾನಿಗೆ ಮುದುಕ ಬರುವುದೆಂದಾಯಿತು.

ಅಷ್ಟರಲ್ಲಿ ನಮ್ಮ ಸಂಘದ ವಾರ್ಷಿಕ ಸಭೆ ಬಂತು. ಕಾರ್ಯದರ್ಶಿಗಳು ರಿಟೈರಾದ ಅಧಿಕಾರಿ, ಒಳ್ಳೆಯವರೇ. ಹಳ್ಳಿಯ ಹೆಂಗಸರಿಗೆ ಒಂದು ಗೌರವ ಸಲ್ಲಬೇಕೆಂದು ಅವರಿಗೆ ಅನ್ನಿಸಿ, ಎಲ್ಲರಿಗೂ ಒಂದೇ ಬಣ್ಣದ ನೀಲಿ ಸೀರೆ ಹಂಚಿದರು. ಅಕ್ಕ ಅದನ್ನು ಮುಖಕ್ಕೆ ಒತ್ತಿಕೊಂಡು ಹೊಸ ಬಟ್ಟೆಯ ವಾಸನೆ ನೋಡಿದ್ದು ನನಗೆ ನೆನಪಿದೆ. ವ್ಯಾನು ಬರುವ ಭಾನುವಾರ ಅದನ್ನೇ ಉಟ್ಟು, ನನ್ನನ್ನೂ ಕರೆದುಕೊಂಡು ಮುದುಕನ ಮನೆಗೆ ಹೊರಟಳು.

ಹಿಂದೊಮ್ಮೆ ಆ ಸೀಮೆಯಲ್ಲಿ ಒಂದೇ ಬಣ್ಣದ ಸೀರೆಯವರು ಬಂದು ಮಕ್ಕಳಾಗದ ಆಪರೇಷನ್ನಿಗೆ ಜನರನ್ನು ಕರೆದೊಯ್ಯುತ್ತಿದ್ದರಂತೆ. ತಲೆಗಿಷ್ಟು ಎಂದು ಅವರಿಗೆ ಸಿಗುತ್ತಿತ್ತೆಂದು ಊರ ಮಾತು. ನಮ್ಮ ಪೇಟೆಯ ಸಭೆಯಲ್ಲಿ ಅದು ಯಾರಿಗೆ ಗೊತ್ತಿರಬೇಕು? ಅಕ್ಕನಿಗೂ ಆ ಸಂತೋಷದಲ್ಲಿ ಹೊಳೆಯಲಿಲ್ಲ.

ಸೊಸೆ ಬಾಗಿಲಲ್ಲೇ ನಿಂತು ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು. ಗೂಟದಿಂದ ಮರಿ ಬಿಚ್ಚಿ ಹಗ್ಗವನ್ನು ಅಕ್ಕನ ಕೈಗಿಟ್ಟಳು.

"ಆಳ್ ಪುಡಿಕ್ಕಿರ ವೇಲೆ ಸಿಕ್ತೇನಕ್ಕಾ ನಿಂಗೆ?" ಆಳು ಹಿಡಿಯುವ ಕೆಲಸವೇ ಎಂದು ತಮಿಳು ಬೆರೆಸಿ ಚುಚ್ಚಿದಳು. "ನಮ್ಮ ಮಾವನ ತಲೆಗೆ ಎಷ್ಟ್ ಕೊಡ್ತಾರೆ?"

"ಒಂದು ಟೀ ಕಾಸೂ ಇಸ್ಕೊಂಡಿಲ್ಲ ಕಣಮ್ಮಿ."

"ಮತ್ತೆ ಸೀರೆ? ಸುಮ್ನೆ ಕೊಟ್ರಾ?"

ಅಕ್ಕ ತನ್ನ ಸೆರಗು ಹಿಡಿದು ನೋಡಿಕೊಂಡಳು. ನಾನು ನನ್ನ ಪೇಟೆ ಕನ್ನಡದಲ್ಲಿ ಬಿಡಿಸಿ ಹೇಳಲು ಹೋದೆ, ಬಾಗಿಲು ಮುಚ್ಚಿತು. ಒಳಗಿಂದ ಮುದುಕ, "ಯಾರವ್ವ ಬಂದಿರಾದು? ವ್ಯಾನು ಬಂತಾ?" ಅನ್ನುತ್ತಿದ್ದ.

ಸೀರೆಯ ಮಾತು ಊರೆಲ್ಲ ಹಬ್ಬಿ, ಆವತ್ತು ಆ ಊರಿನಿಂದ ವ್ಯಾನು ಖಾಲಿಯಾಗಿ ಹಿಂದಿರುಗಿತು. ಕಾರ್ಯದರ್ಶಿಗಳಿಗೆ ನಡೆದದ್ದೆಲ್ಲ ಹೇಳಿದೆ. "ಬಣ್ಣ ಹಿಡಿಸಲಿಲ್ಲವೇನಮ್ಮ? ಬರೋ ವರ್ಷ ಬೇರೆ ತರಿಸೋಣ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಸಂಘವೆಂದರೆ ವ್ಯಾನು, ಬೋರ್ಡು, ಬ್ಯಾನರು ಎಂದು ಅವರು ತಿಳಿದಿದ್ದರು. ಅದು ನಿಂತಿದ್ದುದು ಆ ಕುರಿಮರಿಯ ಮೇಲೆ. ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ಅವರಿಗೆ ಹತ್ತಲಿಲ್ಲ.

ರಾಗಿ ಕುಯ್ಲಿನ ಹೊತ್ತಿಗೆ ಮುದುಕನ ಕಣ್ಣು ಕೆಂಪಗೆ ಊದಿಕೊಂಡಿತು. ನೋವಿಗೆ ಅವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ಸೊಸೆ ತಾನೇ ಓಡಿ ಅಕ್ಕನ ಮನೆಗೆ ಹೋದಳು. ಅಕ್ಕ ಹಳೆಯ ಸೀರೆಯಲ್ಲೇ ಬಂದು, ಮರಿಯನ್ನು ಅದೇ ಗೂಟಕ್ಕೆ ಕಟ್ಟಿ, ಮುದುಕನನ್ನು ಬಸ್ಸಿನಲ್ಲಿ ಸೇಲಂಗೆ ಕರೆತಂದಳು. ನನಗೆ ಆಫೀಸಿಗೆ ಹೇಳಿಕಳಿಸಿದಳು. ಪೊರೆ ಮಾಗಿ ಒಡೆದು ಒಳಗೆ ಒತ್ತಡ ಏರಿದೆ, ನೋವು ತೆಗೆಯಬಹುದು, ನೋಟ ಬರುವುದಿಲ್ಲ ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಕಣ್ಣು ಉಳಿಯುತ್ತಿತ್ತು ಎಂದೂ ಹೇಳಿದರು.

ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. "ಆವತ್ತು ಆ ಸೀರೆ ಉಡ್ದೇ ಓಗಿದ್ರೆ ಆಗ್ತಿತ್ತು" ಅಂದಳು. ತಪ್ಪು ಅವಳದಲ್ಲ ಎಂದು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.

ನೋವು ಇಳಿದ ಮೇಲೆ ಅವನನ್ನು ಊರಿಗೆ ಬಿಡಲು ನಾನೂ ಜೊತೆಗೆ ಹೋದೆ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಸದ್ದಿಗೆ ಮರಿ ಕೂಗಿತು. ಮುದುಕ ಅತ್ತ ಮುಖ ತಿರುಗಿಸಿ, ಅಕ್ಕನ ತೋಳು ತಡವಿ ಹಿಡಿದುಕೊಂಡ.

"ಮಾತ್ ಕೊಟ್ಟಂಗೇ ಕರ್ಕೊಂಡ್ ಬಂದ್ಯಲ್ಲವ್ವ. ಮರಿ ಬಿಚ್ಕೊಂಡ್ ಓಗು."

ಅಕ್ಕ ಗೂಟದ ಹತ್ತಿರ ಕೂತು ಗಂಟಿನ ಮೇಲೆ ಕೈಯಿಟ್ಟಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಮರಿಯನ್ನು ಅಲ್ಲೇ ಬಿಟ್ಟು ಎದ್ದು ನಡೆದಳು.