ಪತ್ರಿ ಮರಕ್ಕೆ ಹೊಡೆದ ಔಷಧಿ

ಕಂಪ್ಲಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಗೆ ಒಂದೇ ಕಿಟಕಿ. ಅದು ಹಿತ್ತಲಿನ ಕಡೆಗಿತ್ತು. ಹಿತ್ತಲಲ್ಲಿ ಒಂದು ಬಿಲ್ವಪತ್ರಿ ಮರ, ಅದರ ಬುಡಕ್ಕೊಂದು ಕಲ್ಲಿನ ಕಟ್ಟೆ. ಎಪ್ಪತ್ತರ ದಶಕದ ನಡುಭಾಗ ಅದು. ನಾನು ಸಂಡೂರು ಕಡೆಯವನು, ಗ್ರಾಮಸೇವಕನಾಗಿ ಹೊಸದಾಗಿ ನೇಮಕವಾಗಿ ಬಂದಿದ್ದೆ. ತಂದೆ ತಾಯಿ ಇಬ್ಬರೂ ತೀರಿಹೋಗಿದ್ದರು, ಮದುವೆಯಾಗಿರಲಿಲ್ಲ. ಭಾನುವಾರ ಬಂತೆಂದರೆ ಎಲ್ಲಿಗೆ ಹೋಗಬೇಕೆಂದೇ ತಿಳಿಯುತ್ತಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಹೊಸಪೇಟೆ ಬಸ್ಸಿಗೆ ಹತ್ತುವವರನ್ನು ನೋಡಿಕೊಂಡು ವಾಪಸು ಬರುತ್ತಿದ್ದೆ.

ಮನೆಯೊಡತಿ ಲಿಂಗವಂತರ ಮನೆತನದ ವಿಧವೆ, ವಯಸ್ಸು ಅರವತ್ತೈದರ ಮೇಲೆ. ಮಕ್ಕಳಿರಲಿಲ್ಲ. ಎಲ್ಲರಂತೆ ನಾನೂ ಅವಳನ್ನು ಅವ್ವ ಎನ್ನುತ್ತಿದ್ದೆ. ವಾರದ ಆರು ದಿನ ಆ ಮನೆಯಲ್ಲಿ ಕೇಳಿಸುತ್ತಿದ್ದದ್ದು ಎರಡೇ ಕೆಮ್ಮು, ಒಂದು ಅವಳದು, ಇನ್ನೊಂದು ನನ್ನದು. ಸೋಮವಾರದ ಮಾತೇ ಬೇರೆ. ಬೆಳಗಾಗುತ್ತಲೇ ಓಣಿಯ ಹೆಂಗಸರು ಪೂಜೆಗೆ ಪತ್ರಿ ಒಯ್ಯಲು ಬರುತ್ತಿದ್ದರು. ಅವ್ವ ಕಟ್ಟೆ ಗುಡಿಸಿ, ಚಾಪೆ ಹಾಸಿ, ಬುಟ್ಟಿ ತುಂಬ ಪತ್ರಿ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಪತ್ರಿ ಕೊಡುವುದು ಎರಡು ನಿಮಿಷದ ಕೆಲಸ, ಮಾತು ಮುಗಿಯಲು ಎರಡು ತಾಸು. ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರ ಮನೆಯಲ್ಲಿ ರೇಡಿಯೋ ತಂದಿದ್ದಾರೆ, ಎಲ್ಲವೂ ಆ ಕಟ್ಟೆಯ ಮೇಲೆ ಹಾದುಹೋಗುತ್ತಿತ್ತು. ನಾನು ಕೋಣೆಯೊಳಗೆ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತ ಕಿವಿ ಅತ್ತಲೇ ಇಟ್ಟಿರುತ್ತಿದ್ದೆ. ಸುಳ್ಳೇಕೆ, ಸೋಮವಾರಕ್ಕಾಗಿ ನಾನೂ ಕಾಯುತ್ತಿದ್ದೆ.

ಎಲ್ಲರೂ ಹೋದ ಮೇಲೆ ಅವ್ವ ಅದೇ ಕಟ್ಟೆಯ ಮೇಲೆ ಪೂಜೆಗೆ ಕೂರುತ್ತಿದ್ದಳು. ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಧರಿಸಿ, ಪತ್ರಿ ಏರಿಸುತ್ತಿದ್ದಳು. ಮೂರು ದಳ ಕೂಡಿರಬೇಕು, ಹರಿದಿರಬಾರದು, ತೂತಿರಬಾರದು. ಪೂಜೆ ಮುಗಿದ ಮೇಲೆ, ಲಿಂಗಕ್ಕೆರೆದ ನೀರಾದ ಪಾದೋದಕದ ಜೊತೆ ಆ ಪತ್ರಿಯನ್ನೂ ಬಾಯಿಗೆ ಹಾಕಿಕೊಳ್ಳುವುದು ಅವಳ ರೂಢಿ. ದಿನವೂ ಹೀಗೆಯೇ. ಇದನ್ನು ನಾನು ಕಿಟಕಿಯಿಂದ ನೂರು ಸಲ ನೋಡಿದ್ದೆ. ನೂರು ಸಲ ನೋಡಿದ್ದೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕಾಲುವೆ ನೀರಿಗೆ ವರ್ಷಕ್ಕೆ ಎರಡು ಬೆಳೆ ಭತ್ತ ಬರುತ್ತಿದ್ದ ದಿನಗಳು. ಭತ್ತದ ಹಿಂದೆಯೇ ಹುಳ, ಹುಳದ ಹಿಂದೆಯೇ ನಾನು. ಎಮ್ಮಿಗನೂರಿನ ಬದುವಿನ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ನಿಂತು, ಹೀಗೆ ಬೆರೆಸಿ, ಹೀಗೆ ಹೊಡೆಯಿರಿ ಎಂದು ತೋರಿಸಿದರೆ ಅಜ್ಜಂದಿರು ಕೂಡ ತಲೆಯಾಡಿಸುತ್ತಿದ್ದರು. ಇಪ್ಪತ್ನಾಲ್ಕರ ಹುಡುಗನಿಗೆ ಅಷ್ಟು ಸಾಕು, ತಲೆ ನಿಲ್ಲುವುದಿಲ್ಲ. ಡಬ್ಬಿಯ ಮೇಲೆ ಒಂದು ಮುಚ್ಚಳ ಎಂದಿದ್ದರೆ ಇರಲಿ ಎಂದು ಇನ್ನೊಂದು ಮುಚ್ಚಳ ಸುರಿಯುತ್ತಿದ್ದೆ. ಉಳಿದ ಡಬ್ಬಿಗಳನ್ನು ಕೋಣೆಗೆ ತಂದು ಮಂಚದ ಕೆಳಗೆ ತಳ್ಳಿ, ಅದರ ಮೇಲೆಯೇ ಮಲಗುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡನೆಯ ವರ್ಷದ ಆಷಾಢದಲ್ಲಿ ಮಳೆ ಬಿದ್ದು ಮರ ಚಿಗುರಿತು. ಚಿಗುರಿಗೆ ಹುಳ ಬಿತ್ತು. ನಿಂಬೆ ಗಿಡಕ್ಕೂ ಕರಿಬೇವಿಗೂ ಬೀಳುವ ಚಿಟ್ಟೆಯ ಹುಳವೇ ಅದು. ಮರಿಯಾಗಿದ್ದಾಗ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬಲಿತರೆ ಎಲೆಯ ಹಸಿರು. ವಾರದೊಳಗೆ ಕೈಗೆ ಸಿಗುವ ಕೊಂಬೆಗಳಲ್ಲಿ ಇಡೀ ಪತ್ರಿ ಎಂಬುದೇ ಉಳಿಯಲಿಲ್ಲ. ಸೋಮವಾರ ಹೆಂಗಸರು ಬಂದು, ಎಲೆ ತಿರುಗಿಸಿ ನೋಡಿ, ಬುಟ್ಟಿಯಲ್ಲೇ ಬಿಟ್ಟು ಹೋದರು. ಮುಂದಿನ ಓಣಿಯಲ್ಲಿ ಅಕ್ಕಿ ಗಿರಣಿ ಸಾಹುಕಾರರ ಅಂಗಳದಲ್ಲಿ ಇನ್ನೊಂದು ಪತ್ರಿ ಮರವಿತ್ತು. ಮರುವಾರ ಅವರೆಲ್ಲ ಅಲ್ಲಿಗೆ ಹೋದರು, ಅವ್ವ ಹಾಸಿದ ಚಾಪೆಯ ಮೇಲೆ ಅವ್ವನೊಬ್ಬಳೇ ಕುಳಿತಿದ್ದಳು.

ಅಂದು ಅವಳೇ ನನ್ನ ಬಾಗಿಲಿಗೆ ಬಂದಳು. ಊರಿನವರಿಗೆಲ್ಲ ಔಷಧಿ ಹೇಳುತ್ತೀಯಲ್ಲ, ನನ್ನ ಮರಕ್ಕೇನಾದರೂ ಇದೆಯೇ ಎಂದು ಕೇಳಿದಳು. ಶ್ರಾವಣ ಎದುರಿಗಿತ್ತು. ಶ್ರಾವಣದ ಸೋಮವಾರಗಳು ತಪ್ಪಿದರೆ ಓಣಿಯ ಹೆಂಗಸರು ಆ ಕಡೆಯ ಮರಕ್ಕೇ ಹೊಂದಿಕೊಂಡುಬಿಡುತ್ತಾರೆ ಎಂಬ ಭಯ ಅವಳಿಗೆ. ಬಾಯಿ ಬಿಟ್ಟು ಹೇಳಲಿಲ್ಲ, ನನಗೆ ಅರ್ಥವಾಯಿತು. ಒಂದೇ ದಿನದಲ್ಲಿ ಮುಗಿಸುತ್ತೇನೆ ಎಂದು ಮೀಸೆ ತಿರುವಿದೆ.

ಭತ್ತಕ್ಕೆಂದು ತಂದಿದ್ದ ಡಬ್ಬಿಯನ್ನು ಮಂಚದ ಕೆಳಗಿನಿಂದ ಎಳೆದೆ. ಅದು ಎಲೆಯ ರಸದೊಳಗೇ ಇಳಿಯುವ ಔಷಧಿ, ತೊಳೆದರೆ ಹೋಗುವಂಥದ್ದಲ್ಲ. ನನ್ನ ವಾಡಿಕೆಯಂತೆ ಎರಡು ಮುಚ್ಚಳ. ಮರ ತೊಯ್ದು ತೊಟ್ಟಿಕ್ಕುವ ಹಾಗೆ ಹೊಡೆದು, ಹದಿನೈದು ದಿನ ಯಾರಿಗೂ ಪತ್ರಿ ಕೊಡಬೇಡ ಎಂದು ಹೇಳಿದೆ. ಸಂಜೆಯ ಹೊತ್ತಿಗೆ ಹುಳ ನೆಲಕ್ಕೆ ಉದುರಿತ್ತು. ಅವ್ವ ಕಸಬರಿಗೆಯಲ್ಲಿ ಗುಡಿಸಿ, ಮಸ್ತ್ ಕೆಲಸ ಮಾಡಿದೆ ಎಂದು ನಕ್ಕಳು. ಅವಳ ಬಾಯಲ್ಲಿ ಆ ಮಾತು ಕೇಳಿ ನನಗೆ ಹೊಟ್ಟೆ ತುಂಬಿತು.

ಅವ್ವ ಮಾತಿಗೆ ತಪ್ಪುವವಳಲ್ಲ. ಬಂದ ಒಬ್ಬಿಬ್ಬರನ್ನು ಹದಿನೈದು ದಿನ ಬಿಟ್ಟು ಬರಲು ಹೇಳಿ ಕಳಿಸಿದಳು. ಆದರೆ ಶ್ರಾವಣ ಹುಟ್ಟಿತ್ತು. ಹುಳ ಬಿದ್ದಾಗಿನಿಂದ ಒಣಗಿಸಿಟ್ಟ ಪತ್ರಿಯಲ್ಲೇ ಪೂಜೆ ಸಾಗಿಸಿದ್ದರೂ, ಶ್ರಾವಣದಲ್ಲಿ ಹಸಿ ಪತ್ರಿಯಿಲ್ಲದೆ ಲಿಂಗಪೂಜೆ ಮಾಡಿದವಳಲ್ಲ ಅವಳು. ಮೊದಲ ಸೋಮವಾರ ತನ್ನ ಪೂಜೆಗೆಂದು ಮೇಲಿನ ಕೊಂಬೆ ಬಗ್ಗಿಸಿ ತೂತಿಲ್ಲದವನ್ನು ಹರಿದು, ಎರಡೆರಡು ಸಲ ತೊಳೆದು ಏರಿಸಿದಳು. ಅಂದು ಉಪವಾಸವೆಂದು ಖಾಲಿ ಹೊಟ್ಟೆಯಲ್ಲಿ, ಏರಿಸಿದ ಪತ್ರಿಯನ್ನೆಲ್ಲ ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನ ನಾನು ಬುಕ್ಕಸಾಗರದಿಂದ ಬಂದಾಗ ಅವಳು ಪಡಸಾಲೆಯ ಕಂಬಕ್ಕೆ ಒರಗಿದ್ದಳು. ಸೀರೆಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಪಕ್ಕದಲ್ಲಿ ವಾಂತಿ. ಗದ್ದೆಯಲ್ಲಿ ಔಷಧಿ ಹೊಡೆಯುವವರು ಬಿದ್ದಾಗ ಇದೇ ಕಣ್ಣು ನೋಡಿದ್ದೆ. ಏನು ತಿಂದೆ ಎಂದು ಕೇಳಿದರೆ ಏನೂ ತಿಂದಿಲ್ಲ ಎಂದು ತಲೆಯಾಡಿಸಿದಳು. ಪೂಜೆಯ ತಟ್ಟೆಯಲ್ಲಿ ಬಿದ್ದಿದ್ದ ಪತ್ರಿಯ ತೊಟ್ಟುಗಳನ್ನು ಆಗ ನೋಡಿದೆ.

"ಅವ್ವಾ, ಔಷಧಿ ಹೊಡದದ್ದ ಅಲ್ಲೇನಬೇ ಅದು?"

"ಲಿಂಗದ ಮ್ಯಾಲ ಏರಿದ್ದು ತಮ್ಮಾ," ಎಂದಳು ತಡೆತಡೆದು. "ಅದರಾಗ ಎಲ್ಲಿ ವಿಷ ಇರತೈತಿ?"

ಬೇಡವೆಂದು ಅವಳಿಗೆ ಹೇಳುವುದು ನನ್ನ ಕೆಲಸವಾಗಿತ್ತು. ಯಾರಿಗೂ ಕೊಡಬೇಡ ಎಂದಿದ್ದೆ, ನೀನೂ ಮುಟ್ಟಬೇಡ ಎಂದಿರಲಿಲ್ಲ. ದಿನವೂ ನೋಡುತ್ತಿದ್ದವನು, ಔಷಧಿ ಹೊಡೆಯುವಾಗ ಮರವನ್ನು ನೋಡಿದೆ, ಹುಳವನ್ನು ನೋಡಿದೆ, ಅವಳನ್ನು ನೋಡಲಿಲ್ಲ.

ಎತ್ತಿನ ಬಂಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆ. ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ, ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು. ಡಾಕ್ಟರು ಡಬ್ಬಿ ನೋಡಿ ಗಂಟೆಗಟ್ಟಲೆ ಸೂಜಿ ಚುಚ್ಚಿ ಉಳಿಸಿಕೊಂಡರು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು ಚೆನ್ನಾಗಿ ಉಗಿದರು. ಹೊಲಕ್ಕೆ ತಂದದ್ದನ್ನು ಮನೆಯ ಗಿಡಕ್ಕೆ ಹೊಡೆಯಲು ಯಾರು ಹೇಳಿದರು, ಮಲಗುವ ಕೋಣೆಯಲ್ಲಿ ಇಡಲು ಯಾರು ಹೇಳಿದರು, ನೀವೇ ಹೀಗಾದರೆ ರೈತರ ಗತಿ ಏನು ಎಂದರು.

ಮೂರನೆಯ ದಿನ ಓಣಿಯ ಹೆಂಗಸರು ನೋಡಲು ಬಂದಾಗ, ಹಳಸಿದ್ದು ತಿಂದು ಹೀಗಾಯಿತು ಎಂದಳು ಅವ್ವ. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಹೊಸಾ ನೌಕರಿ ಐತಿ ನಿಂದು. ಇದು ಗೊತ್ತಾದ್ರ ನಿನ್ನ ಮಾತು ಯಾರು ಕೇಳ್ತಾರ? ಸುಮ್ಮನಿರು."

ನಾನು ಸುಮ್ಮನಿದ್ದೆ.

ಹದಿನೈದು ದಿನವಾಯಿತು, ಒಂದು ತಿಂಗಳಾಯಿತು. ಈಗ ಕೊಡಬಹುದು ಎಂದು ನಾನು ಹೇಳಿದರೂ ಅವ್ವ ಒಪ್ಪಲಿಲ್ಲ. ತನಗಾದದ್ದು ಇನ್ನೊಬ್ಬರಿಗೆ ಆಗಬಾರದು ಎಂದಳು. ನನ್ನ ಲೆಕ್ಕದ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು, ಹೋಗಬೇಕಾದ್ದೇ. ಹೆಂಗಸರು ಬಂದು ಕೇಳಿದರು. ಕೊಡುವುದಿಲ್ಲ ಎಂದಳು. ಏಕೆ ಎಂದರೆ ಕಾರಣ ಹೇಳಲಿಲ್ಲ, ಹೇಳಿದರೆ ನನ್ನ ಹೆಸರು ಬರುತ್ತಿತ್ತು. ಹಚ್ಚಹಸಿರಾಗಿ ನಿಂತ ಮರದ ಕೆಳಗೆ ಕುಳಿತು ಒಂದು ಎಲೆ ಕೊಡದ ಮುದುಕಿ ಎಂದು ಓಣಿಯಲ್ಲಿ ಮಾತಾಯಿತು. ಜಿಪುಣಿ ಎಂದರು, ವಯಸ್ಸಾದಂತೆ ಬುದ್ಧಿ ಕೆಟ್ಟಿತು ಎಂದರು. ಹೋಟೆಲಿನಲ್ಲಿ ನನ್ನೆದುರಿಗೇ ಒಬ್ಬ ಹಾಗೆಂದ. ನಾನು ಚಹಾ ಕುಡಿದು ಎದ್ದು ಬಂದೆ.

ಆ ವರ್ಷವೆಲ್ಲ ಮರದ ಚಾಕರಿ ಮಾಡಿದೆ. ಡಬ್ಬಿಗಳು ಆಫೀಸಿನ ಕಪಾಟಿಗೆ ಹೋಗಿ ಬೀಗ ಹಾಕಿಸಿಕೊಂಡವು. ಔಷಧಿ ಹೊಡೆದ ಕೊಂಬೆಗಳನ್ನು ಸವರಿ ದೂರ ಹೂಳಿದೆ. ಹೊಸ ಚಿಗುರು ಬಂದಾಗ ಬೆಳಿಗ್ಗೆ ಏಣಿ ಹಾಕಿ, ಎಲೆ ಮಗುಚಿ, ಹಿಕ್ಕೆಯಂತೆ ಕಾಣುವ ಮರಿಗಳನ್ನು ಆರಿಸಿ ಸಾಬೂನು ನೀರಿನ ಡಬರಿಗೆ ಹಾಕುತ್ತಿದ್ದೆ. ತೀರ ಹೆಚ್ಚಾದರೆ ಬೇವಿನ ಬೀಜ ಕುಟ್ಟಿ ನೆನೆಸಿ ಸೋಸಿದ ನೀರು. ಎತ್ತರದ ಕೊಂಬೆಯಲ್ಲಿದ್ದವನ್ನು ಹಕ್ಕಿಗಳಿಗೆ ಬಿಟ್ಟೆ, ಅವು ನನಗಿಂತ ಚುರುಕು. ಅವ್ವ ಕೆಳಗೆ ಏಣಿ ಹಿಡಿದು ನಿಂತಿರುತ್ತಿದ್ದಳು. ಪೂಜೆಗೆ ಹಿಂದೆಂದೋ ಒಣಗಿಸಿಟ್ಟ ಪತ್ರಿಯೇ ಅವಳಿಗೆ ಗತಿಯಾಗಿತ್ತು.

ಮರು ಶ್ರಾವಣದ ಮೊದಲ ಸೋಮವಾರ ಅವಳು ಕಟ್ಟೆ ಗುಡಿಸಿದಳು. ಚಾಪೆ ಹಾಸಿದಳು. ನಾನು ಹರಿದುಕೊಟ್ಟ ಪತ್ರಿಯನ್ನು ಬುಟ್ಟಿಗೆ ತುಂಬಿದಳು, ಒಂದರಲ್ಲೂ ತೂತಿರಲಿಲ್ಲ. ಎದುರು ಮನೆಯವರಿಗೆ ಹೇಳಿಯೂ ಬಂದಿದ್ದಳು. ನಾನು ಆಫೀಸಿಗೆ ಹೋಗದೆ ಮುಂಬಾಗಿಲಲ್ಲಿ ನಿಂತಿದ್ದೆ. ಹೆಂಗಸರು ತಲೆಗೆ ನೀರು ಹಾಕಿಕೊಂಡು, ಕೈಯಲ್ಲಿ ಪತ್ರಿ ಹಿಡಿದು, ಗಿರಣಿ ಸಾಹುಕಾರರ ಅಂಗಳದ ಕಡೆಯಿಂದ ಗುಂಪಾಗಿ ಬಂದು ನಮ್ಮ ಬಾಗಿಲ ಮುಂದೆಯೇ ಹಾದುಹೋದರು.

ಹನ್ನೊಂದು ಗಂಟೆಯಾದರೂ ಯಾರೂ ಬರಲಿಲ್ಲ. ನಾನು ಹಿತ್ತಲಿಗೆ ಹೋಗಿ ಬುಟ್ಟಿಯಿಂದ ಒಂದು ಪತ್ರಿ ತೆಗೆದು ಅವಳೆದುರಿಗೇ ಬಾಯಿಗೆ ಹಾಕಿಕೊಂಡು ಅಗಿದೆ. ಕೊಡಲು ಬುಟ್ಟಿ ತುಂಬಿದವಳೇ ಆದರೂ, ಅದು ಬಾಯಿಗೆ ಹೋದದ್ದನ್ನು ಕಂಡು ಅವ್ವನ ಮುಖ ಬಿಳಿಚಿಕೊಂಡಿತು. ನನ್ನ ಕೈ ಹಿಡಿದು ಕಟ್ಟೆಗೆ ಎಳೆದು ಕೂರಿಸಿದಳು.

"ಸಂಜಿಮಟ ಎಲ್ಲೂ ಹೋಗಬ್ಯಾಡ. ಇಲ್ಲೇ ಕುಂದ್ರು, ನಾ ನೋಡಬೇಕು."

ನನಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕುಳಿತೆ. ತಾಸಿಗೊಮ್ಮೆ ಅವಳು ನನ್ನ ಕಣ್ಣುರೆಪ್ಪೆ ಎತ್ತಿ ನೋಡುತ್ತಿದ್ದಳು, ಹಣೆ ಮುಟ್ಟಿ ಬೆವರಿದೆಯೇ ಎಂದು ನೋಡುತ್ತಿದ್ದಳು. ನಡುವೆ ಮಾತಾಡಿದಳು, ಯಾರ ಮಗಳು, ಯಾರ ರೇಡಿಯೋ, ಎಲ್ಲ ಹೋದ ವರ್ಷದ ಸುದ್ದಿ. ಹೊಸದು ಅವಳಿಗೆ ಯಾರೂ ಹೇಳಿರಲಿಲ್ಲ. ಎದ್ದು ನಾಲ್ಕು ಮನೆ ಆಚೆಗೆ ಹೋಗಿ, ತಪ್ಪು ನನ್ನದು, ಅವ್ವನದಲ್ಲ ಎಂದು ಹೇಳಿಬಂದಿದ್ದರೆ ಅವಳ ಸೋಮವಾರ ಅವಳಿಗೆ ಮರಳಿ ಸಿಗುತ್ತಿತ್ತು. ಅಂದೂ ಹೇಳಲಿಲ್ಲ, ವರ್ಗವಾಗಿ ಹೋಗುವವರೆಗೂ ಹೇಳಲಿಲ್ಲ. ಸಂಜೆಯವರೆಗೆ ಅವಳ ಪಕ್ಕದಲ್ಲಿ ಕುಳಿತೆ, ಅಷ್ಟೇ. ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ ನನ್ನ ಕಣ್ಣು ನೋಡಿ, ಏನೂ ಆಗಿಲ್ಲ, ಇನ್ನು ನೀನು ಹೋಗು ಎಂದಳು.