ಹೆಣ್ಣು ನೋಡಲು ಬಂದವರಿಗೆ ಹೇಳಿದ ಪದ್ಯ

ಎಂ.ಎ. ಮೊದಲ ವರ್ಷದಲ್ಲಿ ನಮಗೆ ಬೇರೆ ಬೇರೆ ದೇಶಗಳ ಈಚಿನ ಕವಿತೆಗಳನ್ನು ಓದುವ ಒಂದು ಪತ್ರಿಕೆಯಿತ್ತು. ಪುಸ್ತಕ ಸಿಗುತ್ತಿರಲಿಲ್ಲ. ದುರ್ಗಿಗುಡಿಯಲ್ಲಿ ಜೆರಾಕ್ಸ್ ಮಾಡಿಸಿದ ಹಾಳೆಗಳನ್ನು ಶಿವಮೊಗ್ಗದಿಂದ ಭದ್ರಾವತಿಗೆ ಬರುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಯಾವ ದೇಶದ ಕವಿಯೂ ನೆಮ್ಮದಿಯಾಗಿರಲಿಲ್ಲ. ಒಬ್ಬರಿಗೆ ಹಿಮದ ಕಾಟ, ಒಬ್ಬರಿಗೆ ಜೈಲು, ಇನ್ನೊಬ್ಬರಿಗೆ ಬಿಟ್ಟುಹೋದ ಗಂಡ. ನಮ್ಮ ಕ್ವಾರ್ಟರ್ಸಿನ ನಲ್ಲಿ ಹತ್ತಿರ ಸೇರುವ ಹೆಂಗಸರಂತೆ ಅವರೆಲ್ಲ ನನಗೆ ಬೇಗ ಬಳಕೆಯಾದರು.

ಅಷ್ಟರಲ್ಲಿ ಹೊಳೆಹೊನ್ನೂರಿನಿಂದ ಒಂದು ಸಂಬಂಧ ಬಂತು. ಮದುವೆ ಗೊತ್ತಾದರೆ ಓದು ನಿಲ್ಲಿಸಬೇಕೆಂದು ಹುಡುಗನ ಕಡೆಯವರು ಮೊದಲೇ ಹೇಳಿಕಳಿಸಿದ್ದರು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ ಹೂಂ ಅಂದಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ನನ್ನನ್ನು ನೋಡಲು ಬಂದ ದಿನ ಕೇಸರಿಬಾತು, ಕಾಫಿ ಮುಗಿದ ಮೇಲೆ ಹುಡುಗನ ಅಜ್ಜಿ, "ಒಂದು ಹಾಡು ಹೇಳಮ್ಮ" ಎಂದರು.

ಬೇಕೆಂದೇ ದೂರದೇಶದ ಒಂದು ಕವಿತೆಯನ್ನು, ನಾನೇ ಕನ್ನಡಕ್ಕೆ ಮಾಡಿಕೊಂಡದ್ದನ್ನು, ಹೇಳಿದೆ. ಸೈನಿಕರು ಹಿಡಿದುಕೊಂಡು ಹೋದ ಮಗನನ್ನು ತಾಯಿ ಬಾಗಿಲಲ್ಲಿ ನಿಂತು ಬಾ ಬಾ ಎಂದು ಕರೆಯುವ ಕವಿತೆ ಅದು. ಸೈನಿಕರ ಸುದ್ದಿ ಮಾತ್ರ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ರಾಗವಿಲ್ಲ, ತಾಳವಿಲ್ಲ. ತಲೆಕೆಟ್ಟ ಹುಡುಗಿ ಎಂದುಕೊಂಡು ಎದ್ದು ಹೋಗುತ್ತಾರೆ ಎಂದು ನನ್ನ ಲೆಕ್ಕಾಚಾರ.

ಹುಡುಗನ ತಾಯಿ ಕೈ ಮುಗಿದರು. "ಕೃಷ್ಣನ್ನ ಎಷ್ಟು ಚೆನ್ನಾಗಿ ಕರೀತಾಳೆ ನೋಡಿ. ಯಾವ ದಾಸರದ್ದಮ್ಮ ಇದು?"

ಅಪ್ಪನ ಮುಖ ಅರಳಿತು.

"ದೇವರ ಪದ ಅಲ್ಲ ಇದು. ಮಗನ್ನ ಸೈನಿಕರು ಎಳ್ಕೊಂಡು ಹೋಗಿದಾರೆ, ಅವನ ತಾಯಿ ಕರೀತಿದಾಳೆ" ಎಂದೆ.

"ಇರ್ಲಿ ಬಿಡು, ಧ್ವನಿ ಚೆನ್ನಾಗಿದೆ" ಎಂದ ಹುಡುಗನ ತಾಯಿ ಮದುವೆ ಛತ್ರದ ವಿಚಾರ ತೆಗೆದರು. ನನಗೆ ಅಳು ಬಂತು. ಅದನ್ನೂ ನಾಚಿಕೆ ಎಂದುಕೊಂಡರು.

ಎಲ್ಲರೂ ಕಾರು ಹತ್ತುವಾಗ ಅಜ್ಜಿ ಹಿಂದುಳಿದು, ನಾನು ನಿಂತಿದ್ದ ಕಿಟಕಿಯ ಕೆಳಗೇ ಅಪ್ಪನನ್ನು ನಿಲ್ಲಿಸಿಕೊಂಡರು.

"ನೋಡಪ್ಪ, ಈ ಸಂಬಂಧ ನೀವೇ ಬೇಡ ಅಂದ್ಬಿಡಿ. ನನ್ನ ನೋಡೋಕೆ ಬಂದಾಗ್ಲೂ ಹಾಡ್ಸಿದ್ರು. ಮದುವೆ ಆದ್ಮೇಲೆ ಒಂದು ಹಾಡು ಹೇಳು ಅಂತ ಒಬ್ರೂ ಕೇಳ್ಲಿಲ್ಲ."

ಸಂಜೆ ಅಪ್ಪ ಬೂತಿಗೆ ಹೋಗಿ, ಬೇಡವೆಂದು ಫೋನ್ ಮಾಡಿ ಬಂದರು. ಅಮ್ಮ ಗೊಣಗುತ್ತಿದ್ದಂತೆಯೇ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು.

"ಆ ಪದ್ಯ ಇನ್ನೊಂದ್ಸಲ ಹೇಳು" ಎಂದರು.