ಪೂಜೆಗೆ ಕೂತ ಕಂಪ್ಯೂಟರ್

ಆ ಖಂಡೇನವಮಿಯ ಆಯುಧಪೂಜೆಯನ್ನು ನೆನೆದಾಗಲೆಲ್ಲ ಧಾರವಾಡದ ವಿಶ್ವವಿದ್ಯಾಲಯದಲ್ಲಿನ ನಮ್ಮ ವಿಭಾಗದ ಕಂಪ್ಯೂಟರಿನ ಮೇಲೆ ಚೆಂಡುಹೂವಿನ ಮಾಲೆ ಕಾಣುತ್ತದೆ. ನಾನು ಅದನ್ನು ನೋಡಿಯೇ ಇಲ್ಲ. ಆ ಹೊತ್ತು ನಾನಿದ್ದದ್ದು ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ, ವಿಂಡೋಸ್ ಕಂಪ್ಯೂಟರಿನ ಮುಂದೆ. ನೆನಪು ಕಾಣದ ಹೂವನ್ನೂ ಏರಿಸುತ್ತದೆ. ನೀವು ಅದನ್ನು ಅರ್ಧ ಮಾತ್ರ ನಂಬಿ, ಉಳಿದರ್ಧಕ್ಕೆ ನಾನು ಜವಾಬ್ದಾರ.

ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿತ್ತು. ವಿಭಾಗದ ಲಿನಕ್ಸ್ ಯಂತ್ರದ ಪರದೆಯನ್ನು ಮನೆಯ ವಿಂಡೋಸಿನೊಳಗೆ ಒಂದು ಕಿಟಕಿಯಾಗಿ ತೆರೆಯುವ ವಿದ್ಯೆ ಕಲಿತಿದ್ದೆ. ಇಲ್ಲಿ ಮೌಸ್ ಎಳೆದರೆ ಅಲ್ಲಿ ಬಾಣ ಓಡುತ್ತದೆ. ದೇವರು ನಮ್ಮನ್ನು ಆಡಿಸುವುದೂ ಹೀಗೆಯೇ ಎಂದು ಮನೆಗೆ ಬಂದವರಿಗೆಲ್ಲ ಉಪನ್ಯಾಸ ಕೊಡುತ್ತಿದ್ದೆ. ಅವನ ಸಂಪರ್ಕವೂ ನಡುನಡುವೆ ಕಡಿಯುತ್ತಿರಬೇಕು.

ನಮ್ಮ ಕಡೆ ಖಂಡೇಪೂಜೆಗೆ ಕೂತ ಸಾಧನವನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಯಾರೂ ಮುಟ್ಟುವುದಿಲ್ಲ. ನೇಗಿಲಿಗೂ ತಕ್ಕಡಿಗೂ ಇದ್ದ ಈ ರಜೆಯನ್ನು ನಮ್ಮ ಜವಾನ, ಇಡೀ ವಿಭಾಗಕ್ಕೇ ಕಾಕಾ ಆಗಿದ್ದ ಯಲ್ಲಪ್ಪ, ಕಂಪ್ಯೂಟರಿಗೂ ಕೊಟ್ಟಿದ್ದರು. ಆದರೆ ನನ್ನ ವಿದ್ಯಾರ್ಥಿನಿ, ಸುಳ್ಳ ಎಂಬ ಹಳ್ಳಿಯ ಸುನಂದಾಳ ಸಂಶೋಧನಾ ವೇತನದ ಅರ್ಜಿ ಅದೇ ಯಂತ್ರದಲ್ಲಿತ್ತು. ಗಡುವು ಅಂದೇ ಸಂಜೆ ಐದು. ತಪ್ಪಿದರೆ ಅವಳು ಸಂಶೋಧನೆ ಬಿಟ್ಟು ಮತ್ತೆ ಖಾಸಗಿ ಶಾಲೆಯಲ್ಲಿ ಹಾಜರಿ ಕೂಗಬೇಕಿತ್ತು. ಯಂತ್ರವನ್ನು ಆರಿಸದೆಯೇ ಪೂಜಿಸಿ ಎಂದು ಯಲ್ಲಪ್ಪನವರಿಗೆ ಮೊದಲೇ ಹೇಳಿಟ್ಟಿದ್ದೆ. ದೂರದಿಂದ ನಡೆಸಿದರೆ ಮುಟ್ಟಿದಂತಾಗದು ಎಂಬುದು ನನ್ನ ತರ್ಕ.

ಸುನಂದಾ ಹುಬ್ಬಳ್ಳಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ನಾಲ್ಕರ ಸುಮಾರಿಗೆ ಕೋಷ್ಟಕಗಳೆಲ್ಲ ಸರಿಯಾಗಿ ಕೂತವು. ಕಳಿಸುವ ಮೊದಲು ಒಂದು ಚಹಾ ಎಂದುಕೊಂಡ ನಾನು, ಕಿಟಕಿ ಮುಚ್ಚುವ ಬದಲು ಅದರೊಳಗಿನ ಯಂತ್ರವನ್ನೇ ಆರಿಸಿಬಿಟ್ಟೆ. ಹುಬ್ಬಳ್ಳಿಯದು ನಡೆಯುತ್ತಲೇ ಇತ್ತು, ಆರಿದ್ದು ಧಾರವಾಡದ್ದು.

ಸುನಂದಾ ನನ್ನ ಮುಖ ನೋಡದೆ, “ಸರ್, ಎಬ್ಬಸೋ ಗುಂಡಿ ಈ ಕಿಟಕ್ಯಾಗ ಎಲ್ಲೈತ್ರಿ?” ಎಂದಳು.

ಇರಲಿಲ್ಲ.

ವಿಭಾಗಕ್ಕೆ ಫೋನ್ ಮಾಡಿದೆ. ದೀಪ ಕಾಯುತ್ತ ಯಲ್ಲಪ್ಪ ಅಲ್ಲೇ ಇದ್ದರು. ಮಧ್ಯಾಹ್ನದಿಂದ ಪರದೆಯ ಮೇಲೆ ಬಾಣ ತಾನಾಗಿ ಅಡ್ಡಾಡುವುದನ್ನು ನೋಡಿ, ಪೂಜೆ ದೇವರಿಗೆ ಮುಟ್ಟಿದೆಯೆಂದು ಎರಡು ಸಲ ಕೈಮುಗಿದಿದ್ದರಂತೆ. ಅದು ನಾನು ಎಂದದ್ದಕ್ಕೆ ಅವರಿಗೆ ಬೇಸರವಾಯಿತು. ಗುಂಡಿ ಒತ್ತಲು ಹೇಳಿದ್ದಕ್ಕೆ ಇನ್ನೂ ಬೇಸರವಾಯಿತು. ನನ್ನ ತರ್ಕವನ್ನೆಲ್ಲ ಅವರ ಮುಂದಿಟ್ಟೆ. ಅದು ತಂತಿಯಲ್ಲಿ ಸರಾಗವಾಗಿ ಹೋಯಿತು, ಅವರೊಳಗೆ ಹೋಗಲಿಲ್ಲ.

ಸುನಂದಾ ಫೋನ್ ಕಸಿದುಕೊಂಡಳು. “ಕಾಕಾ, ನಾನ್ರಿ, ಸುನಂದಾ. ಐದಕ್ಕ ನಂದು ಮುಗೀತೈತಿ.”

ರಿಸೀವರ್ ಕೆಳಗಿಟ್ಟ ಸದ್ದಾಯಿತು, ಏನೋ ಸರಸರ ಎಳೆದಂತಾಯಿತು. ಆಮೇಲೆ ಅತ್ತ ಯಂತ್ರ ಎದ್ದು ಕೂಗಿದ್ದು ಫೋನಿನಲ್ಲೇ ಕೇಳಿತು. ಕಡೆಗೂ ಮುಟ್ಟಿದಿರಾ ಎಂದು ನಾನು ಕೇಳಬಾರದಿತ್ತು.

“ನಾ ಎಲ್ಲಿ ಮುಟ್ಟೇನ್ರಿ ಸರ್? ಪೂಜಿಗೆ ಇಟ್ಟ ಕಬ್ಬಿನ ತುದೀಲೆ ಒತ್ತೇನಿ. ನಿಮ್ಮದು ಹುಬ್ಬಳ್ಳಿತನಾ ಉದ್ದೈತಿ, ನಂದು ಮಾರುದ್ದ. ಅಷ್ಟ ಫರಕು.”

ಮತ್ತೆ ಸಂಪರ್ಕ ಹಿಡಿದು ಕಳಿಸಿದ ಅರ್ಜಿ ತಲುಪಿದೆ ಎಂಬ ಉತ್ತರ ಐದಕ್ಕೆ ಎಂಟು ನಿಮಿಷ ಇರುವಾಗ ಬಂತು. ಸುನಂದಾ ಅದನ್ನು ಎರಡು ಸಲ ಓದಿ, ಮೊದಲು ಫೋನ್ ಮಾಡಿದ್ದು ಸುಳ್ಳದ ಮನೆಗಲ್ಲ, ಯಲ್ಲಪ್ಪನವರಿಗೆ. ಅಂದಿನಿಂದ ಯಾವ ದೂರದ ಯಂತ್ರವನ್ನು ತೆರೆಯುವ ಮೊದಲೂ ಅದರ ಹತ್ತಿರ ಯಾರಿದ್ದಾರೆ ಎಂದು ವಿಚಾರಿಸುತ್ತೇನೆ. ಸಂಪರ್ಕ ಹೇಗಾದರೂ ಸಿಗುತ್ತದೆ. ಮನಸ್ಸು ಮಾಡುವ ಮನುಷ್ಯ ಸಿಗಬೇಕಲ್ಲ.